ತೂಕ ಮಾಡದೆ ಹಕ್ಕಿಗೆ ಮಂಪರು ಮದ್ದು ಕೊಡಿಸಬೇಡಿ

ಕಳೆದ ಆಟಿ ತಿಂಗಳಲ್ಲಿ ನಮ್ಮ ಮನೆಯ ಕಾಕಟೀಲ್ ಎಂಬ ಸಣ್ಣ ಗಿಳಿ ಜಾತಿಯ ಹಕ್ಕಿ ಮಂಪರು ಮದ್ದು ಕೊಡಿಸಿದ ದಿನವೇ ಸತ್ತಿತು. ಬದಿಯಡ್ಕ, ಕುಂಬಳೆಯ ಕಡೆ ಹಕ್ಕಿ ಸಾಕುವ ಮನೆಯವರು ತಿಳಿದಿರಲೆಂದು ನಡೆದುದನ್ನು ಬರೆಯುತ್ತಿದ್ದೇನೆ.

ಕಾಲಿನ ಉಂಗುರ ಬಿಗಿದು ಬಾವು ಬಂದಿತ್ತು. ಅದನ್ನು ಕತ್ತರಿಸಲು ಹಕ್ಕಿ ಅಲುಗಾಡಬಾರದೆಂದು ಮದ್ದು ಬೇಕಾಯಿತು. ನಾವು ಹೋದ ಪಶುವೈದ್ಯರಲ್ಲಿ ಗ್ರಾಂ ಲೆಕ್ಕದ ತಕ್ಕಡಿ ಇರಲಿಲ್ಲ. ನೂರು ಗ್ರಾಂ ಇರಬಹುದೆಂದು ಅಂದಾಜಿಸಿ ಕೆಟಮಿನ್ ಎಂಬ ಮಂಪರು ಮದ್ದು ಚುಚ್ಚಿದರು. ಹಿಂದಿನ ವಾರ ಅಡಿಗೆಮನೆಯ ತಕ್ಕಡಿಯಲ್ಲಿ ಅದು 78 ಗ್ರಾಂ ತೂಗಿದ್ದುದು ನನಗೆ ಗೊತ್ತಿತ್ತು, ಆದರೆ ವೈದ್ಯರಿಗೆ ಹೇಳಲು ಸಂಕೋಚಪಟ್ಟು ಸುಮ್ಮನಿದ್ದೆ. ಆ ಮೌನಕ್ಕಾಗಿ ಇಂದಿಗೂ ದುಃಖಪಡುತ್ತೇನೆ. ಹಸುವಿಗಾದರೆ ತೂಕದಲ್ಲಿ 22 ಗ್ರಾಂ ವ್ಯತ್ಯಾಸ ಲೆಕ್ಕಕ್ಕೇ ಬಾರದು. ಈ ಹಕ್ಕಿಗೆ ಅದರಿಂದ ಮದ್ದು ಬೇಕಾದುದಕ್ಕಿಂತ ನಾಲ್ಕನೇ ಒಂದು ಪಾಲಿಗೂ ಮೀರಿ ಹೆಚ್ಚಾಯಿತು. ಒಂದು ಮಿಲಿಲೀಟರಿನಲ್ಲಿ 50 ಮಿಲಿಗ್ರಾಂ ಇರುವ ಮದ್ದಾದರೆ 1 ಮಿಲಿಗ್ರಾಂ ಎಂದರೆ 0.02 ಮಿಲಿಲೀಟರ್ ಮಾತ್ರ. ತೆಳುಗೊಳಿಸದೆ ಅಷ್ಟನ್ನು ಸಿರಿಂಜಿನಲ್ಲಿ ಸರಿಯಾಗಿ ಅಳೆಯುವುದು ಬಹಳ ಕಷ್ಟ.

ತಪ್ಪು ಅಷ್ಟಕ್ಕೇ ನಿಲ್ಲಲಿಲ್ಲ. ಹಿಡಿದುಕೊಂಡವರು ಎದೆಯನ್ನು ಮುಷ್ಟಿಯಲ್ಲಿ ಒತ್ತಿದ್ದರು. ಎದೆ ಮತ್ತು ಹೊಟ್ಟೆಯ ನಡುವೆ ಉಸಿರಾಟಕ್ಕೆ ನೆರವಾಗುವ ವಪೆ ನಮಗಿರುವಂತೆ ಹಕ್ಕಿಗಳಿಗೆ ಇಲ್ಲ. ಎದೆಮೂಳೆ ಮುಂದೆ ಹಿಂದೆ ಸರಿದರೆ ಮಾತ್ರ ಗಾಳಿಚೀಲಗಳಿಗೆ ಉಸಿರು ಹೋಗುತ್ತದೆ. ನಾಯಿಗೆ ಮಾಡುವಂತೆ ರಾತ್ರಿಯಿಡೀ ಉಪವಾಸ ಇರಿಸಲು ಹೇಳಿದ್ದರು, ಆದರೆ ಇಷ್ಟು ಸಣ್ಣ ಹಕ್ಕಿಯ ರಕ್ತದಲ್ಲಿ ಸಕ್ಕರೆ ಬೇಗ ಇಳಿಯುತ್ತದೆ. ತಿಂದ ಕಾಳು ಮೊದಲು ಸೇರುವ ಕೊರಳ ಚೀಲ ಖಾಲಿಯಾಗುವಷ್ಟು ಕಡಿಮೆ ಹೊತ್ತಿನ ಉಪವಾಸ ಸಾಕು. ಉಂಗುರ ತೆಗೆದ ಮೇಲೆ, ನಿಲ್ಲಲೂ ಆಗದಿದ್ದ ಹಕ್ಕಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ನಮ್ಮ ಕೈಗೆ ಕೊಟ್ಟರು. ಜಡಿಮಳೆಯಲ್ಲಿ ಆಟೋರಿಕ್ಷಾ ಹತ್ತಿ ಮನೆ ಸೇರುವಾಗ ಅದರ ಕಾಲುಗಳು ತಣ್ಣಗಾಗಿದ್ದವು. ಹಕ್ಕಿಯ ಮೈಬಿಸಿ ಸಹಜವಾಗಿ 40 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು. ಮಂಪರಿನಲ್ಲಿ ಅದು ಆ ಶಾಖವನ್ನು ಬಹಳ ಬೇಗ ಕಳೆದುಕೊಳ್ಳುತ್ತದೆ. ಮುಸ್ಸಂಜೆಗೆ ಮುನ್ನ ಉಸಿರು ನಿಂತಿತು.

ಆ ವೈದ್ಯರು ಕೆಟ್ಟವರಲ್ಲ, ಅವರು ಹೆಚ್ಚಾಗಿ ನೋಡುವುದು ದನ ಮತ್ತು ನಾಯಿಗಳನ್ನು. ಆದುದರಿಂದ ಮಂಗಳೂರಿನವರೆಗೆ ಹೋಗಬೇಕಾದರೂ ಹಕ್ಕಿಗಳ ಚಿಕಿತ್ಸೆಯಲ್ಲಿ ಅನುಭವವಿರುವವರನ್ನೇ ಹುಡುಕಿ. ಮಾಸ್ಕ್ ಮೂಲಕ ಕೊಡುವ, ಮಂಪರು ಬರಿಸುವ ಐಸೋಫ್ಲೂರೇನ್ ಅನಿಲವಿದೆಯೇ ಎಂದು ಕೇಳಿ. ಅನಿಲ ನಿಲ್ಲಿಸಿದ ಮೇಲೆ ಹಕ್ಕಿ ಸಾಮಾನ್ಯವಾಗಿ ಬೇಗ ಎಚ್ಚರಗೊಳ್ಳುತ್ತದೆ. ಮಿಡಜೊಲಾಮ್ ಎಂಬ ಮಂಪರು ಮದ್ದು ಕೊಡುವುದಾದರೆ ಅದರ ಮಂಪರನ್ನು ಇಳಿಸುವ ಫ್ಲುಮಜೆನಿಲ್ ಮದ್ದು ವೈದ್ಯರ ಕೈಯಲ್ಲಿರಲಿ. ಆ ದಿನದ ತೂಕವನ್ನು ನಿಮ್ಮ ಕಣ್ಣೆದುರೇ ಮಾಡಿಸಿ. ಹಕ್ಕಿ ತಾನಾಗಿ ಕೋಲಿನ ಮೇಲೆ ಕುಳಿತು ಕಾಳು ಒಡೆಯುವವರೆಗೆ, ಎಷ್ಟೇ ಹೊತ್ತಾಗಲಿ, ಅಲ್ಲಿಯ ಬೆಚ್ಚನೆಯ ಜಾಗದಿಂದ ಅದನ್ನು ಮನೆಗೆ ತರಬೇಡಿ.