ಫೋನಿನ ಹವಾಮಾನ ಆ್ಯಪ್‌ಗಳ ‘ರಾತ್ರಿ ಕನಿಷ್ಠ’: ಊಟಿಯ ತಗ್ಗಿನ ಹೊಲಕ್ಕೆ ಎಷ್ಟು ನೆಚ್ಚಬಹುದು?

ಮಳೆ, ಮೋಡ, ಹಗಲಿನ ಗರಿಷ್ಠ ಉಷ್ಣಾಂಶ ನೋಡುವುದಕ್ಕೆ ಉಚಿತ ಹವಾಮಾನ ಆ್ಯಪ್‌ಗಳೇ ಸಾಕು. ಡಿಸೆಂಬರ್, ಜನವರಿಯಲ್ಲಿ ಊಟಿ ಕಡೆಯ ತಗ್ಗಿನಲ್ಲಿ ಆಲೂಗಡ್ಡೆ, ಕ್ಯಾರೆಟ್, ಚಹಾ ಇರುವವರು ಮಾತ್ರ ರಾತ್ರಿ ಕನಿಷ್ಠದ ಅಂಕಿಯನ್ನು ಹಾಗೇ ನಂಬುವಂತಿಲ್ಲ. ಆಕಾಶ ತಿಳಿಯಾಗಿ ಗಾಳಿ ನಿಂತ ರಾತ್ರಿಯೇ ಚಳಿಗೆ ಬೆಳೆ ಸುಡುವುದು, ಅಂಕಿ ಹೆಚ್ಚು ತಪ್ಪುವುದೂ ಅಂಥ ರಾತ್ರಿಯೇ. ತಗ್ಗಿನಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಬೆಚ್ಚಗೆ ತೋರಿಸುತ್ತದೆ.

ಆ್ಯಪ್‌ಗಳ ಹಿಂದಿರುವುದು ಹವಾಮಾನ ಮಾದರಿಗಳು, ಅಂದರೆ ನೆಲವನ್ನು ಚೌಕಗಳಾಗಿ ಹಂಚಿ ಮುನ್ಸೂಚನೆ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂಗಳು. ಯುರೋಪಿನ ಮಾದರಿಯ ಚೌಕ ಸುಮಾರು 9 ಕಿ.ಮೀ., ಅಮೆರಿಕದ ಜಿಎಫ್‌ಎಸ್ ಎಂಬ ಮಾದರಿಯದು ಸುಮಾರು 13 ಕಿ.ಮೀ. 2,637 ಮೀಟರಿನ ದೊಡ್ಡಬೆಟ್ಟ, ಸುಮಾರು 2,240 ಮೀಟರಿನ ಊಟಿ ಪೇಟೆ, ಪಕ್ಕದ ತಗ್ಗುಗಳು ಎಲ್ಲವೂ ಒಂದೇ ಸರಾಸರಿ ಎತ್ತರವಾಗಿಬಿಡಬಹುದು. ಕೆಲವು ಆ್ಯಪ್‌ಗಳು ಸಾವಿರ ಮೀಟರಿಗೆ 6.5 ಡಿಗ್ರಿಯಂತೆ ಎತ್ತರದ ತಿದ್ದುಪಡಿ ಹಾಕುತ್ತವೆ. ಗಾಳಿಯಾಡುವ ಹಗಲಿಗೆ ಅದು ಸರಿ. ನಿಶ್ಚಲ ರಾತ್ರಿಯಲ್ಲಿ ತಣ್ಣನೆಯ ಗಾಳಿ ಇಳಿಜಾರಿನಿಂದ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. 100 ಮೀಟರ್ ಕೆಳಗಿನ ಹೊಲಕ್ಕೆ ಆ್ಯಪ್ 0.65 ಡಿಗ್ರಿ ಕೂಡಿಸುತ್ತದೆ, ಅಲ್ಲಿ ಕಳೆಯಬೇಕಾದದ್ದು ಹಲವು ಡಿಗ್ರಿ.

ಇನ್ನೊಂದು ದೋಷ ಮಾದರಿಗಳ ಒಳಗೇ ಇದೆ. ಗಾಳಿ ಪೂರ್ತಿ ನಿಂತರೆ ನೆಲ ಲೆಕ್ಕದಲ್ಲಿ ತಡೆಯಿಲ್ಲದೆ ತಣ್ಣಗಾಗುತ್ತಾ ಹೋಗುತ್ತದೆ ಎಂದು ಅವುಗಳಲ್ಲಿ ಮೇಲಿನ, ಕೆಳಗಿನ ಗಾಳಿಯ ಸ್ವಲ್ಪ ಕಲಕಾಟವನ್ನು ಬೇಕೆಂದೇ ಉಳಿಸಿರುವುದುಂಟು. ಹೀಗೆ ಮೇಲಿನ ಬೆಚ್ಚನೆ ಗಾಳಿ ಲೆಕ್ಕದಲ್ಲಿ ಕೆಳಗಿಳಿಯುತ್ತದೆ, ಹೊಲದಲ್ಲಿ ಇಳಿಯುವುದಿಲ್ಲ.

ಅಂಕಿ ಸರಿಯಿದ್ದರೂ ಅದು 2 ಮೀಟರ್ ಎತ್ತರದ ಗಾಳಿಯದು, ಎಲೆಯದಲ್ಲ. ಇಂಥ ರಾತ್ರಿ ಹುಲ್ಲಿನ ಮಟ್ಟ 3ರಿಂದ 5 ಡಿಗ್ರಿ ಕೆಳಗಿರಬಹುದು. ಆ್ಯಪ್‌ನಲ್ಲಿ 3 ಡಿಗ್ರಿ ಕಂಡರೆ ಎಲೆಯ ಮೇಲೆ ಹೆಪ್ಪುಗಟ್ಟಬಹುದು ಎಂದೇ ಲೆಕ್ಕ ಹಾಕಿ.

‘ಸರಾಸರಿ 2 ಡಿಗ್ರಿ ಕಳೆಯಿರಿ’ ಎಂಬ ಸಲಹೆ ಕೆಲಸಕ್ಕೆ ಬಾರದು. ಮೋಡದ ರಾತ್ರಿಯ ಸಣ್ಣ ತಪ್ಪನ್ನೂ ತಿಳಿ ರಾತ್ರಿಯ ದೊಡ್ಡ ತಪ್ಪನ್ನೂ ಕಲಸಿದರೆ ಎರಡಕ್ಕೂ ಹೊಂದದ ಸಂಖ್ಯೆ ಸಿಗುತ್ತದೆ. ಕನಿಷ್ಠ-ಗರಿಷ್ಠ ಥರ್ಮಾಮೀಟರ್ ಎರಡು ಬೇಕು: ಒಂದು ಗಾಳಿಯಾಡುವ ಪೆಟ್ಟಿಗೆಯೊಳಗೆ ನೆಲದಿಂದ ಒಂದೂಕಾಲು ಮೀಟರ್ ಎತ್ತರದಲ್ಲಿ, ಇನ್ನೊಂದು ಬೆಳೆಯ ಮಟ್ಟದಲ್ಲಿ ಆಕಾಶಕ್ಕೆ ತೆರೆದು, ಗೋಡೆಯಿಂದ ದೂರ. ಸಂಜೆ ರೀಸೆಟ್ ಮಾಡಿ, ಬೆಳಿಗ್ಗೆ ಬರೆದಿಡಿ. ರಾತ್ರಿ 9ಕ್ಕೆ ಮೋಡವಿಲ್ಲದೆ, ಗಾಳಿ ಗಂಟೆಗೆ 5 ಕಿ.ಮೀ.ಗಿಂತ ಕಡಿಮೆ ಇದ್ದ ದಿನಗಳದ್ದೇ ಬೇರೆ ಪಟ್ಟಿ ಮಾಡಿ. ಅಂಥ ಹತ್ತು ಹದಿನೈದು ರಾತ್ರಿಗಳಲ್ಲಿ ಆ್ಯಪ್‌ನ ಅಂಕಿಗೂ ನಿಮ್ಮ ಥರ್ಮಾಮೀಟರಿಗೂ ಕಂಡ ವ್ಯತ್ಯಾಸವೇ ನಿಮ್ಮ ಹೊಲದ ತಿದ್ದುಪಡಿ.

ಸಂಜೆ ಡ್ಯೂ ಪಾಯಿಂಟ್, ಅಂದರೆ ಗಾಳಿಯ ತೇವ ಇಬ್ಬನಿಯಾಗಿ ಕಟ್ಟತೊಡಗುವ ಉಷ್ಣಾಂಶ, ನೋಡಿ. 6-7 ಡಿಗ್ರಿ ಇದ್ದರೆ ಇಬ್ಬನಿ ಕಟ್ಟುವಾಗ ಬಿಡುವ ಶಾಖ ಇಳಿತವನ್ನು ನಿಧಾನಿಸುತ್ತದೆ. ಸೊನ್ನೆಗಿಂತ ಕೆಳಗಿದ್ದರೆ ಆ ತಡೆ ಬಹಳ ತಡವಾಗಿ ಸಿಗುತ್ತದೆ. ಒಣ ಮಣ್ಣು, ಹುಲ್ಲು ಹೊದಿಸಿದ ಮಣ್ಣು ಒಳಗಿನ ಶಾಖವನ್ನು ಮೇಲಕ್ಕೆ ಬಿಡದು. ಆ್ಯಪ್‌ಗೆ ನಿಮ್ಮ ಹೊದಿಕೆ ಗೊತ್ತಿಲ್ಲ.

ಸುಳ್ಳು ಎಚ್ಚರಿಕೆಯೂ ಉಂಟು: ನಡುರಾತ್ರಿ ತೆಳು ಮೋಡ ಬಂದರೆ, ಸ್ವಲ್ಪ ಗಾಳಿ ಎದ್ದರೆ 2-3 ಡಿಗ್ರಿ ಏರಿಬಿಡುತ್ತದೆ. ಆದರೂ ಚಳಿಯಿಂದ ಬೆಳೆ ಕಾಯಲು ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಶುರು ಮಾಡಿದಿರೆಂದರೆ ಮಂಜುಗಡ್ಡೆ ಕರಗುವವರೆಗೆ ನಿಲ್ಲಿಸಬೇಡಿ, ಒದ್ದೆ ಎಲೆಯ ನೀರು ಆವಿಯಾಗುತ್ತಾ ಇನ್ನಷ್ಟು ತಣ್ಣಗಾಗಿಸುತ್ತದೆ.

ಗಂಟೆಗಂಟೆಯ ಮೋಡ, ಗಾಳಿ, ಡ್ಯೂ ಪಾಯಿಂಟ್ ಜೊತೆಗೆ ಮಾದರಿಯ ಹೆಸರನ್ನೂ ತೋರಿಸುವ ಆ್ಯಪ್ ಆರಿಸಿ. ‘1 ಕಿ.ಮೀ. ನಿಖರತೆ’ ಎಂದು ಚಂದಾ ಕೇಳುವವರನ್ನು ನಿಮ್ಮ ತಗ್ಗಿನೊಳಗೆ ಅವರ ಮಾಪನ ಕೇಂದ್ರ ಎಲ್ಲಿದೆ ಎಂದು ಮೊದಲು ಕೇಳಿ. ಇಲ್ಲವೆಂದರೆ ಆ ದುಡ್ಡಿಗೆ ಥರ್ಮಾಮೀಟರ್ ಕೊಳ್ಳುವುದೇ ವಾಸಿ.