ಬರೆಸಿದವರು, ಕೇಳಿಸಿಕೊಂಡವರು: ನಾನು ಕಂಡ ಇಬ್ಬರು ಸಮಾಲೋಚಕರು

ಅಮ್ಮ ಹೋದಾಗ ಅವಳಿಗೆ 78. ಎರಡೂ ಕಿಡ್ನಿ ಕೈಕೊಟ್ಟಿದ್ದವು. ವೆಂಟಿಲೇಟರ್ ಬೇಡ ಎಂಬ ಕಾಗದಕ್ಕೆ ಸಹಿ ಹಾಕಿದವಳು ನಾನು. ಅಣ್ಣ ಪಕ್ಕದಲ್ಲೇ ನಿಂತಿದ್ದ, ಆದರೆ ಪೆನ್ನು ನನ್ನ ಕೈಯಲ್ಲಿತ್ತು. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಶುರುವಾಯಿತು: ರಾತ್ರಿ ಎರಡೂವರೆಗೆ ಎಚ್ಚರ, ಆಮೇಲೆ ಬೆಳಕು ಹರಿಯುವವರೆಗೂ ಕಣ್ಣೆದುರು ಅದೇ ಕಾಗದ.

ನಾಲ್ಕು ತಿಂಗಳು ಹೀಗೇ ಕಳೆದು ಕೊನೆಗೆ ಆಪ್ತ ಸಮಾಲೋಚನೆಗೆ ಹೋದೆ. ಒಂದೂವರೆ ವರ್ಷದಲ್ಲಿ ಇಬ್ಬರನ್ನು ಕಂಡೆ. ಇಬ್ಬರ ದಾರಿಯೂ ಪೂರ್ತಿ ಬೇರೆ. ಯಾರ ಹತ್ತಿರ ಹೋಗಲಿ ಎಂದು ಯೋಚಿಸುತ್ತಿರುವವರಿಗೆ ನೆರವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲನೆಯವರು ಬೆಂಗಳೂರಿನ ಜಯನಗರದಲ್ಲಿ ಕೂರುವ ಮೇಡಂ. ಚಿಕಿತ್ಸಾ ಮನೋವಿಜ್ಞಾನಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇದ್ದವರು. ಅವರದ್ದು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ), ಅಂದರೆ ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ರೂಪಿಸಿದ ಪದ್ಧತಿ. ನಡೆದದ್ದಕ್ಕಿಂತ, ಅದರ ಬಗ್ಗೆ ನಮ್ಮೊಳಗೆ ತಟ್ಟನೆ ಏಳುವ ಯೋಚನೆ ನಮ್ಮನ್ನು ಹೆಚ್ಚು ಹಿಂಡುತ್ತದೆ, ಆ ಯೋಚನೆಯನ್ನು ಹಿಡಿದು ನಿಲ್ಲಿಸಿ ಪರೀಕ್ಷಿಸಬಹುದು ಎನ್ನುವುದು ಅದರ ಬುಡ. ಮೊದಲ ದಿನವೇ ನೋಟ್‌ಬುಕ್ ತರಲು ಹೇಳಿದರು. ಏನಾಯಿತು, ಯಾವ ಯೋಚನೆ ಬಂತು, ಎಷ್ಟು ನೋವಾಯಿತು (ನೂರಕ್ಕೆ ಎಷ್ಟು ಅಂಕ), ಆ ಯೋಚನೆ ನಿಜ ಅನ್ನುವುದಕ್ಕೆ ಏನು ಆಧಾರ, ಅಲ್ಲ ಅನ್ನುವುದಕ್ಕೆ ಏನು ಆಧಾರ. ಹೀಗೆ ದಿನಾ ಬರೆಯಬೇಕು.

ನಿದ್ದೆಯ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಆರಕ್ಕೆ ಏಳಬೇಕು. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹಾಸಿಗೆ ಬಿಟ್ಟೆದ್ದು ಹೊರಗೆ ಕೂರಬೇಕು, ಕಣ್ಣು ಎಳೆದಾಗಲೇ ಮರಳಬೇಕು. ಹಾಸಿಗೆ ಅಂದರೆ ಒದ್ದಾಟ ಎಂದು ಮೈಗೆ ಅಭ್ಯಾಸವಾಗಿಹೋಗಿದೆ, ಅದನ್ನು ಬಿಡಿಸಬೇಕು ಎಂದರು. ಮೊದಲ ವಾರ ನರಕ. ಐದನೇ ವಾರಕ್ಕೆ ನಾಲ್ಕೂವರೆವರೆಗೆ ಮಲಗತೊಡಗಿದ್ದೆ.

ಆರನೇ ಭೇಟಿಯಲ್ಲಿ ಒಂದು ಹಾಳೆಯ ಮೇಲೆ ದೊಡ್ಡ ವೃತ್ತ ಬರೆದರು. ಅಮ್ಮನ ಸಾವಿಗೆ ಏನೇನು ಕಾರಣ ಎಂದು ಪಟ್ಟಿ ಮಾಡಿಸಿ, ಒಂದೊಂದಕ್ಕೂ ರೊಟ್ಟಿ ಮುರಿದ ಹಾಗೆ ಪಾಲು ಹಾಕಿಸಿದರು. ಕಾಯಿಲೆಗೆ, ವಯಸ್ಸಿಗೆ, ಡಾಕ್ಟರ ಅಭಿಪ್ರಾಯಕ್ಕೆ, ಅಣ್ಣನ ಒಪ್ಪಿಗೆಗೆ, "ಪೈಪ್ ಗೀಪ್ ಹಾಕಿ ಮಲಗಿಸ್ಬೇಡ್ರೇ" ಎಂದು ಅಮ್ಮನೇ ಆಡಿದ್ದ ಮಾತಿಗೆ. ನನ್ನ ಪಾಲು ಕೊನೆಗೆ. ಅಷ್ಟು ಹೊತ್ತಿಗೆ ಉಳಿದಿದ್ದು ಗೆರೆಯಂಥ ಒಂದು ತುಂಡು. ನನ್ನ ಕೈಯಾರೆ ಗೀಚಿದ ಆ ವೃತ್ತವನ್ನು ನೋಡಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ.

ತಪ್ಪು ನನ್ನದಲ್ಲ ಎಂದು ತಲೆಗೆ ಖಾತ್ರಿಯಾಯಿತು. ಆದರೆ ಸಂಕಟ ಹೋಗಲಿಲ್ಲ. ಇಲ್ಲೇ ತೊಡಕಾದದ್ದು. ಅವರ ಹಾಳೆಗಳಲ್ಲಿ ಭಾವನೆಗಳ ಪಟ್ಟಿ ಇಂಗ್ಲಿಷಿನಲ್ಲಿತ್ತು: ದುಃಖ, ಭಯ, ಕೋಪ, ತಪ್ಪಿತಸ್ಥ ಭಾವ. ನನಗಾಗುತ್ತಿದ್ದದ್ದು ಸಂಕಟ, ಹೊಟ್ಟೆಯಲ್ಲಿ ಹುಟ್ಟಿ ಗಂಟಲವರೆಗೆ ಬಂದು ನಿಲ್ಲುವಂಥದ್ದು. ಕನ್ನಡದಲ್ಲೇ ಬರೆಯಿರಿ ಎಂದು ಅವರು ಮನಸಾರೆ ಹೇಳಿದರು. ಬರೆದೆ. ಬರೆದದ್ದನ್ನು ಅವರಿಗೆ ವಿವರಿಸುವ ಹೊತ್ತಿಗೆ ಅದು ಇನ್ನೇನೋ ಆಗಿರುತ್ತಿತ್ತು.

ಹತ್ತು ಭೇಟಿಗಳಿಗೆ ಅದು ಮುಗಿಯಿತು. ಮುಗಿಯುವುದು ಮೊದಲೇ ಗೊತ್ತಿದ್ದ ಮಾತು, ಆ ಪದ್ಧತಿಯಲ್ಲಿ ನನಗೆ ಹಿಡಿಸಿದ್ದು ಅದೂ ಒಂದು.

ಎರಡನೆಯವರು ಬಸವನಗುಡಿಯ ಹಿರಿಯರು, ಅರವತ್ತು ದಾಟಿದವರು. ಅವರದ್ದು ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ದಾರಿ. ಸಮಾಲೋಚಕ ಎದುರಿಗಿರುವವರನ್ನು ತೂಗಿ ನೋಡದೆ ಒಪ್ಪಿಕೊಂಡು, ಅವರ ಒಳಗನ್ನು ಅವರ ಕಣ್ಣಿನಿಂದಲೇ ಕಂಡು, ತಾನೂ ಮುಖವಾಡವಿಲ್ಲದೆ ಕೂತರೆ ಮನುಷ್ಯ ತಾನಾಗಿ ಚೇತರಿಸಿಕೊಳ್ಳುತ್ತಾನೆ ಎಂದು ರೋಜರ್ಸ್ 1957ರಲ್ಲೇ ಬರೆದಿದ್ದರು. ಕೇಳಲು ಚೆನ್ನಾಗಿದೆ. ಆದರೆ ಮೊದಲ ಮೂರು ವಾರ ನನಗೆ ದುಡ್ಡು ದಂಡ ಅನ್ನಿಸಿತು. ನೋಟ್‌ಬುಕ್ ಇಲ್ಲ, ಮನೆಗೆಲಸ ಇಲ್ಲ, ಸಲಹೆಯಂತೂ ಇಲ್ಲವೇ ಇಲ್ಲ. "ಏನು ಮಾಡ್ಲಿ ಸರ್?" ಎಂದು ಕೇಳಿದರೆ, "ಏನಾದ್ರೂ ಮಾಡ್ಲೇಬೇಕು ಅನ್ನಿಸ್ತಿದೆ ನಿಮಗೆ" ಎಂದು ನನ್ನ ಮಾತನ್ನೇ ನನ್ನ ಮುಂದಿಡುತ್ತಿದ್ದರು. ಸಿಟ್ಟು ಬರುತ್ತಿತ್ತು.

ನಾಲ್ಕನೇ ವಾರ ಕಾಗದದ ಕಥೆ ಹೇಳುತ್ತಾ "ಸಂಕಟ ಆಗುತ್ತೆ ಸರ್" ಅಂದೆ. ಅವರು ತಕ್ಷಣ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅಮ್ಮನ್ನ ಬಿಟ್ಟುಕೊಟ್ಟ ಸಂಕಟ" ಎಂದರು, ಅಷ್ಟೇ. ಬಿಟ್ಟುಕೊಡುವುದು! ಆ ಮಾತಿನಲ್ಲಿ ಕೈಬಿಡುವುದೂ ಇದೆ, ಕೈಯಿಂದ ಜಾರಲು ಬಿಡುವುದೂ ಇದೆ, ಇನ್ನೊಬ್ಬರಿಗೆ ಒಪ್ಪಿಸುವುದೂ ಇದೆ. ಅಮ್ಮ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಅವರು ಸಮಾಧಾನ ಮಾಡಲಿಲ್ಲ, ಗಡಿಯಾರ ನೋಡಲಿಲ್ಲ, ಅಳು ತಾನಾಗಿ ನಿಲ್ಲುವವರೆಗೂ ಜೊತೆಗಿದ್ದರು. ನಮ್ಮ ಮನೆಗಳಲ್ಲಿ ಅತ್ತವರ ಬಾಯಿಗೆ ಕಾಫಿ ಹಿಡಿಯುತ್ತೇವೆ, "ಧೈರ್ಯ ತಗೋ" ಅನ್ನುತ್ತೇವೆ. ಅಳುವುದಕ್ಕೆ ಪೂರ್ತಿ ಜಾಗ ಸಿಕ್ಕಿದ್ದು ನನಗೆ ಅದೇ ಮೊದಲು. ಆಮೇಲೆ ಎಂಟು ತಿಂಗಳು ಅವರ ಹತ್ತಿರ ಹೋದೆ.

ಖರ್ಚಿನ ಲೆಕ್ಕ: ಮೇಡಂ ಭೇಟಿಗೆ 1,500 ರೂಪಾಯಿ, ಒಟ್ಟು 15,000. ಹಿರಿಯರದ್ದು 700ರಂತೆ, ವಾರಕ್ಕೊಂದು ಭೇಟಿ, 24,000 ದಾಟಿತು. ಅಂದರೆ ಅಗ್ಗದ್ದೇ ದುಬಾರಿಯಾಯಿತು, ಯಾವಾಗ ಮುಗಿಯುತ್ತದೆ ಎಂದು ಅವರೂ ಹೇಳುವ ಹಾಗಿರಲಿಲ್ಲ. ಇಬ್ಬರೂ ಮಾತ್ರೆ ಬರೆಯುವವರಲ್ಲ, ಅದಕ್ಕೆ ಮನೋವೈದ್ಯರೇ ಬೇಕು. ದುಡ್ಡೇ ಇಲ್ಲದವರಿಗೆ, ಅಥವಾ ಈ ರಾತ್ರಿಯೇ ಕಳೆಯುವುದಿಲ್ಲ, ಬದುಕೇ ಬೇಡ ಅನ್ನಿಸುತ್ತಿರುವವರಿಗೆ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ದಯವಿಟ್ಟು ಬರೆದಿಟ್ಟುಕೊಳ್ಳಿ.

ನನಗೆ ಯಾವುದು ಹೆಚ್ಚು ಒದಗಿತು ಎಂದರೆ ಎರಡನೆಯದೇ. ಆದರೆ ಅದಕ್ಕೇ ಮೊದಲು ಹೋಗಿದ್ದರೆ ನಾಲ್ಕನೇ ವಾರದವರೆಗೆ ಉಳಿಯುತ್ತಿರಲಿಲ್ಲ. ನಿದ್ದೆಯಿಲ್ಲದ ಮೈಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಮೇಡಂ ಬರೆಸಿದ್ದರಿಂದಲೇ ನಾನು ಹಿರಿಯರ ಎದುರು ಕೂರುವಷ್ಟಾದೆ.

ಕಳೆದ ತಿಂಗಳು ತಂಗಿಯ ಮಗಳು ಪರೀಕ್ಷೆ ಹತ್ತಿರ ಬಂದ ಹಾಗೆ ಎದೆ ಡವಗುಟ್ಟಿ ಕೈಕಾಲು ತಣ್ಣಗಾಗುತ್ತದೆ ಎಂದು ಫೋನ್ ಮಾಡಿದಳು. ಮೇಡಂ ನಂಬರ್ ಕೊಟ್ಟೆ, ನೋಟ್‌ಬುಕ್ ತಗೊಂಡು ಹೋಗು ಎಂದೆ. ಅಣ್ಣ ಮಾತ್ರ ಅಮ್ಮನ ಹೆಸರೆತ್ತಿದರೆ ಇವತ್ತಿಗೂ ಎದ್ದು ಹೊರಗೆ ಹೋಗುತ್ತಾನೆ. ಬಸವನಗುಡಿಗೆ ಜೊತೆಗೆ ಬರುತ್ತೇನೆ, ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ ಎಂದಿದ್ದೇನೆ. ಅವನು ಇನ್ನೂ ಹೂಂ ಅಂದಿಲ್ಲ.