ಲಿನಕ್ಸ್ ಮಿಂಟ್ 21: ನಕ್ಷತ್ರದ ಫೋಟೊ ತೆಗೆಯೋರಿಗೆ ಸಾಕಾ?

ಟೆಲಿಸ್ಕೋಪು, ಮೌಂಟು (ಟೆಲಿಸ್ಕೋಪನ್ನು ಹೊತ್ತು ತಿರುಗಿಸೋ ಸ್ಟ್ಯಾಂಡು), ಕ್ಯಾಮೆರಾ ಕೊಳ್ಳುವಷ್ಟರಲ್ಲಿ ಜೇಬು ಖಾಲಿಯಾಗಿರುತ್ತೆ. ಕಂಪ್ಯೂಟರಿಗೆ ಎಲ್ಲಿಂದ ದುಡ್ಡು ತರೋದು? ನನ್ನ ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕೋಕಾಗಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗೀತು. ನಾನು ಅದಕ್ಕೂ ಮೊದಲೇ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡಿದ್ದೆ. ಆಗಿನಿಂದ ಮಂಡ್ಯದ ಮನೆ ಮಹಡಿಯಲ್ಲೂ ಮೇಲುಕೋಟೆ ಕಡೆಯ ಕತ್ತಲಲ್ಲೂ ಇದೇ ನನ್ನ ಸಂಗಾತಿ.

ಫೋಟೊ ತೆಗೆಯೋಕೆ ಕೆಸ್ಟಾರ್ಸ್ ಅನ್ನೋ ಪ್ರೋಗ್ರಾಂ. ಅದರೊಳಗಿನ ಎಕೋಸ್ ಅನ್ನೋ ಭಾಗ, ಇಂಡಿ ಅನ್ನೋ ಡ್ರೈವರ್‌ಗಳ ಮೂಲಕ ಮೌಂಟು, ಕ್ಯಾಮೆರಾ ಎರಡನ್ನೂ ನಡೆಸುತ್ತೆ. ಗೈಡಿಂಗ್‌ಗೆ, ಅಂದ್ರೆ ನಕ್ಷತ್ರ ಜರುಗದ ಹಾಗೆ ಮೌಂಟನ್ನು ತಿದ್ದುತ್ತಾ ಇರೋಕೆ, ಪಿಎಚ್‌ಡಿ2 ಪ್ರೋಗ್ರಾಂ. ಎಲ್ಲವೂ ಉಚಿತ. ಆದರೆ ಮೊದಲ ವಾರ ತಲೆ ಕೆಡುವುದು ಖಂಡಿತ. ಡಿಎಸ್‌ಎಲ್‌ಆರ್ ಕೇಬಲ್ ಸಿಕ್ಕಿಸಿದ ಕೂಡಲೇ ಮಿಂಟ್ ಅದನ್ನು ಪೆನ್‌ಡ್ರೈವ್ ಥರ ತೆರೆದು ಕೂರುತ್ತೆ, ಎಕೋಸ್‌ಗೆ ಕ್ಯಾಮೆರಾ ಸಿಗಲ್ಲ. ಫೈಲ್ ಮ್ಯಾನೇಜರ್‌ನಲ್ಲಿ ಅದನ್ನು ಅನ್‌ಮೌಂಟ್ ಮಾಡಿದ್ರೆ (ಕೇಬಲ್ ಕೀಳದೇ ಬಿಡಿಸಿದ್ರೆ) ಸರಿಹೋಗುತ್ತೆ. ಮೌಂಟಿನ ಕೇಬಲ್‌ನಲ್ಲಿ ಸಿಎಚ್340 ಚಿಪ್ ಇದ್ದರೆ ಇನ್ನೊಂದು ಕಾಟ: ಬ್ರೈಲ್ ಸಾಧನಗಳಿಗೆಂದು ಇರುವ ಬಿಆರ್‌ಎಲ್‌ಟಿಟಿವೈ ಅನ್ನೋ ಪ್ರೋಗ್ರಾಂ ಆ ಪೋರ್ಟನ್ನು ತನ್ನದು ಅಂದುಕೊಳ್ಳುತ್ತೆ. ಬ್ರೈಲ್ ಸಾಧನ ಬಳಸದವರು ಅದನ್ನು ತೆಗೆದುಹಾಕಬಹುದು. ಆಮೇಲೆ ಆ ಪೋರ್ಟ್ ಬಳಸೋ ಅನುಮತಿಗೆ ನಿಮ್ಮ ಯೂಸರ್ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ. ಇಷ್ಟೆಲ್ಲ ಹಗಲಲ್ಲಿ, ಮನೆಯಲ್ಲೇ ಮುಗಿಸಿ. ಪ್ಲೇಟ್ ಸಾಲ್ವಿಂಗ್‌ನ (ಫೋಟೊದ ನಕ್ಷತ್ರ ನೋಡಿ ಟೆಲಿಸ್ಕೋಪು ಎತ್ತ ತಿರುಗಿದೆ ಅಂತ ಕಂಡುಹಿಡಿಯೋದು) ಇಂಡೆಕ್ಸ್ ಫೈಲ್‌ಗಳನ್ನೂ ಮೊದಲೇ ಇಳಿಸಿಕೊಳ್ಳಿ. ಬೆಟ್ಟದ ಮೇಲೆ ನೆಟ್‌ವರ್ಕ್ ನಂಬಿಕೊಂಡು ಕೂರಬೇಡಿ.

ತೆಗೆದ ಫೋಟೊಗಳ ಸಂಸ್ಕರಣೆ ವಿಷಯಕ್ಕೆ ಬಂದರೆ ನನಗೆ ದೂರೇ ಇಲ್ಲ. ಹತ್ತಾರು ಫೋಟೊಗಳನ್ನು ಒಂದಾಗಿ ಸೇರಿಸೋ ಸಿರಿಲ್ ಪ್ರೋಗ್ರಾಂ ಬಹುಪಾಲು ಕೆಲಸಕ್ಕೆ ಸಾಕು. ಲೈಟ್ ಅಂದ್ರೆ ಆಕಾಶದ ಫೋಟೊ; ಬಯಾಸ್, ಡಾರ್ಕ್, ಫ್ಲಾಟ್ ಅಂದ್ರೆ ಕ್ಯಾಮೆರಾ, ಲೆನ್ಸಿನ ದೋಷ ಕಳೆಯೋಕೆ ತೆಗೆದವು. ಬಯಾಸ್, ಡಾರ್ಕ್, ಫ್ಲಾಟ್, ಲೈಟ್ ಫೋಟೊಗಳನ್ನು ನಾಲ್ಕು ಫೋಲ್ಡರಿಗೆ ಹಾಕಿ ಸ್ಕ್ರಿಪ್ಟ್ ಓಡಿಸಿದರೆ ಮಿಕ್ಕಿದ್ದು ಅದೇ ನೋಡಿಕೊಳ್ಳುತ್ತೆ. ಫೋಲ್ಡರ್ ಹೆಸರು ಮಾತ್ರ ಚಿಕ್ಕ ಅಕ್ಷರದಲ್ಲೇ ಇರಲಿ, ಲಿನಕ್ಸ್‌ಗೆ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಬೇರೆ ಬೇರೆ. ಊರಿನ ಬೀದಿದೀಪದ ಹಳದಿ ಬೆಳಕು ಚಿತ್ರದ ಒಂದು ಮೂಲೆಗೆ ಬಳಿದುಕೊಂಡಿರುತ್ತಲ್ಲ, ಅದನ್ನು ಗ್ರಾಎಕ್ಸ್‌ಪರ್ಟ್ ಅನ್ನೋ ಪ್ರೋಗ್ರಾಂ ಚೆನ್ನಾಗಿ ತೆಗೆಯುತ್ತೆ. (ಕಬ್ಬಿನ ತರಗು ಸುಟ್ಟ ಹೊಗೆಗೆ ಯಾವ ಸಾಫ್ಟ್‌ವೇರೂ ಇಲ್ಲ ಬಿಡಿ.) ಕೊನೆಗೆ ಗಿಂಪ್‌ನಲ್ಲಿ ಸ್ವಲ್ಪ ತಿದ್ದಿದರೆ ಆಯ್ತು.

ದುಡ್ಡು ಹಾಕೋದಾದ್ರೆ ಎಸ್‌ಎಸ್‌ಡಿಗೆ ಹಾಕಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಫೋಟೊ ಕೆಂಪು, ಹಸಿರು, ನೀಲಿ ಅಂತ ಬಣ್ಣ ಬಿಡಿಸಿ ಒಂದೊಂದಕ್ಕೂ 32 ಬಿಟ್ ಇಟ್ಟಾಗ ಸುಮಾರು 288 ಎಂಬಿ ಆಗುತ್ತೆ. ನೂರು ಫೋಟೊ ಅಂದ್ರೆ ಹತ್ತಿರ ಹತ್ತಿರ 29 ಜಿಬಿ. ಸಿರಿಲ್ ಹಂತ ಹಂತಕ್ಕೂ ಹೊಸ ಪ್ರತಿ ಬರೆಯೋದರಿಂದ ಅದರ ಎರಡು ಮೂರು ಪಟ್ಟು ಜಾಗ ಖಾಲಿ ಇರಬೇಕು. ರ‍್ಯಾಮ್ ಕಡಿಮೆ ಇದ್ದರೆ ನಿಧಾನ ಆಗುತ್ತೆ, ಅಷ್ಟೇ. ರಾತ್ರಿ ಹಚ್ಚಿಟ್ಟು ಮಲಗಬಹುದು.

ಇನ್ನು, ಮಿಂಟ್ ಎಲ್ಲರಿಗೂ ಅಲ್ಲ. ಫೋಟೊ ತೆಗೆಯೋ ಪ್ರೋಗ್ರಾಂಗಳಾದ ನೀನಾ, ಶಾರ್ಪ್‌ಕ್ಯಾಪ್ ಎರಡೂ ವಿಂಡೋಸ್‌ಗೆ ಮಾತ್ರ. ಅವು ಕೈಗೆ ಹತ್ತಿದವರು ಸುಮ್ನೆ ಬದಲಾಯಿಸೋದು ಬೇಡ. ಹೊಸದಾಗಿ ಶುರು ಮಾಡೋರು ಕ್ಯಾಮೆರಾ ಕೊಳ್ಳೋ ಮೊದಲು ಇಂಡಿ ಡ್ರೈವರ್ ಇರೋ ಸಾಧನಗಳ ಪಟ್ಟಿಯಲ್ಲಿ ಅದರ ಹೆಸರು ಇದೆಯಾ ನೋಡಿ. ಇಲ್ಲ ಅಂದ್ರೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡಿ. ಮಿಂಟ್ 21ಕ್ಕೆ ಬೆಂಬಲ 2027ರವರೆಗೆ ಮಾತ್ರ, ಹಾಗಾಗಿ ಈಗ ಹಾಕಿಕೊಳ್ಳೋರು 22ನ್ನೇ ಹಾಕಿಕೊಳ್ಳಿ.